ಗಂಡ ವಿದೇಶದಲ್ಲಿ, ಹೆಂಡತಿ ಕೊಡಗಿನಲ್ಲಿ: ಫ್ಯಾಮಿಲಿ ವೀಸಾಕ್ಕೆ ರಜೆ ಮುಗಿಯೋ ಮುಂಚೆ ಮಾಡಿಸಬೇಕಾದ ಕಾಗದಪತ್ರಗಳಿವು

ಮಡಿಕೇರಿ: ನಾಪೋಕ್ಲು, ವಿರಾಜಪೇಟೆ, ಸುಂಟಿಕೊಪ್ಪ, ಕುಶಾಲನಗರ ಕಡೆ ದುಬೈ, ಸೌದಿ, ಕತಾರ್‌ನಲ್ಲಿ ದುಡಿಯುವವರು ಇರುವ ಮನೆಗಳು ಎಷ್ಟೋ ಇವೆ. ಕೆನಡಾ, ಇಂಗ್ಲೆಂಡ್, ಜರ್ಮನಿ, ಅಮೆರಿಕಕ್ಕೆ ಹೋದವರೂ ಇದ್ದಾರೆ. ಹುಡುಗ ಒಂದು, ಒಂದೂವರೆ ತಿಂಗಳ ರಜೆಯಲ್ಲಿ ಬರ್ತಾನೆ, ಮದುವೆ ಆಗ್ತದೆ, ನೆಂಟರ ಮನೆ ಊಟ ಮುಗಿಸಿ ವಾಪಸ್ ಹೋಗ್ತಾನೆ. ಹೆಂಡತಿಗೆ ವೀಸಾ ಹಾಕುವ ಮಾತು ಬರೋದು ಆಮೇಲೆ. ಆಗ ನೋಡಿದರೆ ಮದುವೆ ನೋಂದಣಿಯೇ ಆಗಿರಲ್ಲ, ಆಗಿದ್ದರೂ ಹೆಸರು ತಾಳೆ ಆಗಲ್ಲ.

ವೀಸಾ ಕೊಡೋದು ಆ ದೇಶ. ಆದರೆ ಅದಕ್ಕೆ ಬೇಕಾದ ಮೊದಲ ಕಾಗದ ತಯಾರಾಗೋದು ನಮ್ಮ ತಾಲ್ಲೂಕಿನ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ. ಅಲ್ಲಿ ಕೆಲಸ ಬಾಕಿ ಉಳಿದರೆ ಗಂಡ ಮತ್ತೆ ಟಿಕೆಟ್ ಹಾಕಿ ಬರಬೇಕಾಗಬಹುದು. ಹೆಂಡತಿ ನರ್ಸ್ ಆಗಿ ಹೊರಗಿದ್ದು ಗಂಡನನ್ನು ಕರೆಸಿಕೊಳ್ಳುವುದಾದರೂ ದಾರಿ ಇದೇ.

1. ಮೊದಲು ಮದುವೆ ನೋಂದಣಿ

ಮದುವೆ ಫೋಟೋ, ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ ಇವೆಲ್ಲ ಪೂರಕ ದಾಖಲೆ ಅಷ್ಟೇ. ವಿದೇಶಕ್ಕೆ ಬೇಕಾಗೋದು ಸರ್ಕಾರದ ವಿವಾಹ ನೋಂದಣಿ ಪ್ರಮಾಣಪತ್ರ.

ಹಿಂದೂ ವಿವಾಹ ಕಾಯ್ದೆ, 1955: ಪುರೋಹಿತರಿಲ್ಲದೆ ಹಿರಿಯರ ಎದುರು ನಡೆಯುವ ಕೊಡವ ಮದುವೆಯೂ ಈ ಕಾಯ್ದೆಯಡಿ ನೋಂದಣಿ ಆಗ್ತದೆ. ಸಮುದಾಯದ ಪದ್ಧತಿಯಂತೆ ನಡೆದ ಮದುವೆಗೆ ಕಾಯ್ದೆಯ 7ನೇ ಸೆಕ್ಷನ್ ಮಾನ್ಯತೆ ಕೊಟ್ಟಿದೆ. ವಯಸ್ಸು ಮತ್ತು ವಿಳಾಸದ ದಾಖಲೆ, ಮದುವೆ ಫೋಟೋ, ಲಗ್ನಪತ್ರಿಕೆ, ಮೂವರು ಸಾಕ್ಷಿಗಳು ಬೇಕು. 2024ರ ಫೆಬ್ರುವರಿಯಿಂದ ಕಾವೇರಿ 2.0 ತಂತ್ರಾಂಶದಲ್ಲಿ ಆಧಾರ್ ದೃಢೀಕರಣದ ಮೂಲಕ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ಅದಕ್ಕೆ ಮದುವೆಯ ವಿಡಿಯೋ ಕೂಡ ಬೇಕು, ಡಿಲೀಟ್ ಮಾಡಬೇಡಿ.

ಕರ್ನಾಟಕ ವಿವಾಹ ನೋಂದಣಿ ಕಾಯ್ದೆ, 1976: ನಿಕಾಹ್ ಆದ ಜೋಡಿಗಳು ಮುಖ್ಯವಾಗಿ ಗಮನಿಸಬೇಕಾದ ಕಾಯ್ದೆ ಇದು. ಜಮಾಅತ್ ಕೊಡುವ ಪತ್ರವನ್ನೇ ನೇರ ವೀಸಾಕ್ಕೆ ಹಾಕಿದರೆ ಸಾಕಾಗಲ್ಲ. ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ಸರ್ಕಾರಿ ಆದೇಶಕ್ಕೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ಕೊಟ್ಟಿದೆ. ಹಾಗಾಗಿ ಜಮಾಅತ್ ಪತ್ರವನ್ನು ದಾಖಲೆಯಾಗಿ ಇಟ್ಟುಕೊಂಡು, ಉಪ ನೋಂದಣಾಧಿಕಾರಿ ಕಚೇರಿಯಲ್ಲೇ ನೋಂದಣಿ ಮಾಡಿಸೋದು ಸುರಕ್ಷಿತ.

ವಿಶೇಷ ವಿವಾಹ ಕಾಯ್ದೆ, 1954: ಬೇರೆ ಬೇರೆ ಧರ್ಮದ ಜೋಡಿಗಳಿಗೆ ಇದೇ ದಾರಿ. ಆಗಲೇ ಆದ ಮದುವೆಯನ್ನು ಇದರಡಿ ನೋಂದಾಯಿಸಬೇಕಾದರೆ ಅರ್ಜಿಗೆ ಮುಂಚೆ ಇಬ್ಬರೂ 30 ದಿನ ಆ ವ್ಯಾಪ್ತಿಯಲ್ಲಿ ವಾಸ ಇರಬೇಕು. ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ ನೋಟಿಸ್. ಒಟ್ಟು 60 ದಿನ ಆಯ್ತು. 40 ದಿನದ ರಜೆಯಲ್ಲಿ ಬಂದವರಿಗೆ ಇದು ಮುಗಿಯೋದೇ ಇಲ್ಲ. ಈ ಕಾಯ್ದೆಯಡಿ ಮಾಡಿಸುವವರು ರಜೆ ಹಾಕುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

2. ಹೆಸರು ಒಂದಕ್ಷರವೂ ತಪ್ಪಬಾರದು

ಕೊಡಗಿನವರಿಗೆ ಹೆಚ್ಚು ತೊಂದರೆ ಆಗುವ ಜಾಗ ಇದು. ಕೊಡವರಲ್ಲಿ ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಮದುವೆ ಆದ ಮೇಲೆ ಹೆಣ್ಣಿನ ಮನೆ ಹೆಸರೇ ಬದಲಾಗ್ತದೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆ ಹೆಸರು, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಮನೆ ಹೆಸರು, ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಊರಿನವರಿಗೆ ಎಲ್ಲ ಒಬ್ಬಳೇ ಅಂತ ಗೊತ್ತು. ವೀಸಾ ಅಧಿಕಾರಿಗೆ ಅವು ನಾಲ್ಕು ಜನರ ಹೆಸರು.

• ಮದುವೆ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ನೋಂದಣಿಗೆ ಹೋಗುವಾಗ ಪಾಸ್‌ಪೋರ್ಟ್ ತಗೊಂಡು ಹೋಗಿ, ಇಂಗ್ಲಿಷ್ ಸ್ಪೆಲ್ಲಿಂಗ್ ಅಲ್ಲೇ ನೋಡಿ.

• ಮದುವೆ ಆದ ತಕ್ಷಣ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸಲೇಬೇಕು ಅನ್ನುವ ಕಾನೂನು ಇಲ್ಲ. ತವರಿನ ಮನೆ ಹೆಸರಲ್ಲೇ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು. ಗಂಡನ ಹೆಸರು ಸೇರಿಸಬೇಕಿದ್ದರೆ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಬೇಕು. 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ವೀಸಾ ಅರ್ಜಿ ಅರ್ಧ ದಾರಿಯಲ್ಲಿ ಇರುವಾಗ ಮಾತ್ರ ಪಾಸ್‌ಪೋರ್ಟ್ ಬದಲಿಸೋಕೆ ಹೋಗಬೇಡಿ.

• ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು ಒಂದೇ ಹೆಸರು ಇದ್ದರೆ ಯುಎಇಗೆ ಹೋಗುವವರು ಎಚ್ಚರ. 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಅಲ್ಲಿ ಆದೇಶ ಆಗಿತ್ತು. ಟಿಕೆಟ್ ಮಾಡುವ ಮೊದಲೇ ಸರಿಮಾಡಿಸಿ.

3. ಅಪೊಸ್ಟಿಲ್ ಅಂದ್ರೇನು?

ನಮ್ಮ ಕಚೇರಿಯ ಸೀಲು ನಿಜ ಅಂತ ಬೇರೆ ದೇಶ ನಂಬಬೇಕಲ್ಲ, ಅದಕ್ಕೆ ಎರಡು ದಾರಿ ಇದೆ.

ಅಪೊಸ್ಟಿಲ್: ಭಾರತ 2005ರಲ್ಲಿ ಈ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ. ರಾಜ್ಯ ಮಟ್ಟದಲ್ಲಿ ದೃಢೀಕರಣ ಆದ ಮೇಲೆ ವಿದೇಶಾಂಗ ಸಚಿವಾಲಯ ಅಪೊಸ್ಟಿಲ್ ಸ್ಟಿಕ್ಕರ್ ಅಂಟಿಸುತ್ತದೆ. ಒಮಾನ್, ಬಹ್ರೇನ್, 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯಾ, 2024ರ ಜನವರಿಯಿಂದ ಕೆನಡಾ ಈ ಒಪ್ಪಂದದಲ್ಲಿವೆ.

ರಾಯಭಾರ ಕಚೇರಿ ದೃಢೀಕರಣ: ಯುಎಇ, ಕತಾರ್, ಕುವೈತ್ ಈ ಒಪ್ಪಂದದಲ್ಲಿ ಇಲ್ಲ. ಅಲ್ಲಿಗೆ ರಾಜ್ಯ, ವಿದೇಶಾಂಗ ಸಚಿವಾಲಯ, ಆಮೇಲೆ ಆ ದೇಶದ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ ಹೀಗೆ ಸಾಲಾಗಿ ಸೀಲು ಬೀಳಬೇಕು.

ಅಪೊಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಅರ್ಜಿ ಪಡೆಯುವ ಏಜೆನ್ಸಿಯ ಸೇವಾ ಶುಲ್ಕ, ರಾಯಭಾರ ಕಚೇರಿ ಶುಲ್ಕ ಬೇರೆ. ಮಧ್ಯವರ್ತಿ ಒಟ್ಟಿಗೆ ಒಂದು ಮೊತ್ತ ಹೇಳಿದರೆ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ, ರಸೀದಿ ಕೇಳಿ. ಅಸಲು ಪ್ರಮಾಣಪತ್ರ ಕೈಬಿಡುವ ಮೊದಲು ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

4. ಯಾವ ದೇಶಕ್ಕೆ ಏನು ಬೇಕು?

ಯುಎಇ: ಗಂಡನ ಸಂಬಳ ಕನಿಷ್ಠ 4,000 ದಿರ್ಹಂ, ಅಥವಾ 3,000 ದಿರ್ಹಂ ಜೊತೆಗೆ ಕಂಪನಿಯ ವಸತಿ ಇರಬೇಕು. ಮನೆ ಬಾಡಿಗೆ ಕರಾರು ಬೇಕು. ಪ್ರವೇಶ ಪರವಾನಗಿ ಸಿಕ್ಕಿದ ಮೇಲೆ ಹೆಂಡತಿ ಅಲ್ಲಿಗೆ ಹೋಗಿ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ ಬೆರಳಚ್ಚು ಮುಗಿಸಬೇಕು. 2022ರಿಂದ ಪಾಸ್‌ಪೋರ್ಟ್‌ನಲ್ಲಿ ಸ್ಟಿಕ್ಕರ್ ಇಲ್ಲ, ಎಮಿರೇಟ್ಸ್ ಐಡಿಯೇ ರೆಸಿಡೆನ್ಸಿ ದಾಖಲೆ. ಸಾಮಾನ್ಯ ರೆಸಿಡೆನ್ಸಿಯವರು ಹೆರಿಗೆಗೆ ಊರಿಗೆ ಬಂದು 6 ತಿಂಗಳಿಗಿಂತ ಹೆಚ್ಚು ಕೂತರೆ ವೀಸಾ ರದ್ದಾಗುವ ಸಾಧ್ಯತೆ ಇದೆ. ಬಾಣಂತನಕ್ಕೆ ಬರುವವರು ಈ ತಾರೀಖು ಬರೆದಿಟ್ಟುಕೊಳ್ಳಿ.

ಸೌದಿ ಅರೇಬಿಯಾ: ಖಾಸಗಿ ವಲಯದಲ್ಲಿ ದುಡಿಯುವವರು ಅವಲಂಬಿತರ ತಲೆಗೆ ತಿಂಗಳಿಗೆ 400 ರಿಯಾಲ್ ಶುಲ್ಕ ಕಟ್ಟಬೇಕು. 2017ರಲ್ಲಿ 100 ಇದ್ದದ್ದು 2020ಕ್ಕೆ ಇಷ್ಟಾಯಿತು. ಹೆಂಡತಿ ಒಬ್ಬಳಿಗೇ ವರ್ಷಕ್ಕೆ 4,800 ರಿಯಾಲ್. ಒಂದು ಮಗು ಇದ್ದರೆ ಅದರ ಎರಡರಷ್ಟು. ಇಕಾಮಾದಲ್ಲಿ ನಮೂದಾದ ಹುದ್ದೆಯನ್ನೂ ನೋಡ್ತಾರೆ.

ಕುವೈತ್: 2024ರ ಜನವರಿಯಲ್ಲಿ ಫ್ಯಾಮಿಲಿ ವೀಸಾ ಮತ್ತೆ ಶುರುವಾದಾಗ ಸಂಬಳದ ಮಿತಿ 800 ದಿನಾರ್ ಇಟ್ಟರು. ಚಾಲಕ, ಅಂಗಡಿ ಕೆಲಸದವರಿಗೆ ಇದು ದೊಡ್ಡ ಮೊತ್ತ. ಮದುವೆ ಮಾತುಕತೆಯಲ್ಲೇ ಇದನ್ನು ಕೇಳಿ ತಿಳಿದುಕೊಳ್ಳೋದು ಒಳ್ಳೆಯದು.

ಇಂಗ್ಲೆಂಡ್: ಅಲ್ಲಿನ ಪೌರರು ಅಥವಾ ಕಾಯಂ ವಾಸದವರು ಸಂಗಾತಿಯನ್ನು ಕರೆಸಿಕೊಳ್ಳಲು 2024ರ ಏಪ್ರಿಲ್ 11ರಿಂದ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. ಮೊದಲು 18,600 ಇತ್ತು. ಟಿಬಿ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ ಕೂಡ ಇದೆ. 2024ರ ಮಾರ್ಚ್ 11ರ ನಂತರ ಕೇರ್ ವರ್ಕರ್ ವೀಸಾದಲ್ಲಿ ಹೋದವರಿಗೆ ಸಂಸಾರ ಕರೆಸಿಕೊಳ್ಳಲು ಅವಕಾಶ ಇಲ್ಲ.

ಕೆನಡಾ: ಪೌರರಾದರೆ ಬೇರೆ ದೇಶದಲ್ಲಿ ಇದ್ದುಕೊಂಡೂ ಸಂಗಾತಿಗೆ ಪ್ರಾಯೋಜಕರಾಗಬಹುದು, ಆದರೆ ಕೆನಡಾಕ್ಕೆ ಮರಳಿ ವಾಸ ಮಾಡ್ತೇವೆ ಅಂತ ತೋರಿಸಬೇಕು. ಪಿಆರ್ ಮಾತ್ರ ಇರುವವರು ಕೆನಡಾದಲ್ಲೇ ವಾಸ ಇರಬೇಕು. ಪಿಆರ್ ತಗೊಂಡು ಊರಲ್ಲಿ ತೋಟ ನೋಡಿಕೊಂಡು ಇರುವವರ ಅರ್ಜಿ ನಿಲ್ಲಲ್ಲ.

ಅಮೆರಿಕ: ಎಚ್-1ಬಿ ವೀಸಾದವರ ಸಂಗಾತಿಗೆ ಎಚ್-4 ಸಿಗ್ತದೆ. ಪೌರರ ಸಂಗಾತಿಗೆ ವಾರ್ಷಿಕ ಕೋಟಾ ಇಲ್ಲ, ಗ್ರೀನ್ ಕಾರ್ಡ್‌ನವರ ಸಂಗಾತಿಗೆ ಸರತಿ ಇದೆ. ಅಲ್ಲಿಗೆ ಕಾಲಿಡುವಾಗ ಮದುವೆ ಆಗಿ 2 ವರ್ಷ ಆಗಿರದಿದ್ದರೆ ಮೊದಲು ಸಿಗೋದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್.

ಜರ್ಮನಿ: ಸಾಮಾನ್ಯವಾಗಿ ಸಂಗಾತಿ ಜರ್ಮನ್ ಭಾಷೆಯ ಎ1 ಪರೀಕ್ಷೆ ಪಾಸಾಗಿರಬೇಕು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವಿನಾಯಿತಿ ಇದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು.

5. ಪೊಲೀಸ್ ಕ್ಲಿಯರೆನ್ಸ್

ಅಮೆರಿಕ, ಕೆನಡಾದಂಥ ದೇಶಗಳ ಕಾಯಂ ವಾಸದ ಅರ್ಜಿಗೆ ಪೊಲೀಸ್ ಕ್ಲಿಯರೆನ್ಸ್ ಬೇಕು. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಗಂಡ-ಹೆಂಡತಿ ಇಬ್ಬರೂ ಆಗಲೇ ಮೂರನೇ ದೇಶದಲ್ಲಿದ್ದರೆ, ಉದಾಹರಣೆಗೆ ದುಬೈನಿಂದ ಕೆನಡಾಕ್ಕೆ ಅರ್ಜಿ ಹಾಕುವುದಾದರೆ, ಭಾರತದ ಕ್ಲಿಯರೆನ್ಸ್ ಅನ್ನು ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಪಡೆಯಬೇಕು. ವಾಸ ಇದ್ದ ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕಾಗ್ತದೆ.

6. ಹೆಣ್ಣಿನ ಕಡೆಯವರು ಗಮನಿಸಿ

"ಹೋದ ಮೇಲೆ ಕರೆಸಿಕೊಳ್ತೇನೆ" ಅನ್ನುವ ಮಾತು ನಂಬಿ ವರ್ಷಗಟ್ಟಲೆ ತವರಲ್ಲೇ ಉಳಿದ ಹೆಣ್ಣುಮಕ್ಕಳಿದ್ದಾರೆ. ಮದುವೆಗೆ ಮುಂಚೆಯೇ ಹುಡುಗನ ವೀಸಾ ಯಾವ ವರ್ಗದ್ದು, ಸಂಬಳ ಎಷ್ಟು, ಫ್ಯಾಮಿಲಿ ವೀಸಾಕ್ಕೆ ಅರ್ಹತೆ ಇದೆಯಾ ಅಂತ ಕಾಗದ ನೋಡಿಯೇ ಖಚಿತ ಮಾಡಿಕೊಳ್ಳಿ. ಹಾಗೆ ಕೇಳೋದು ಅವಮಾನ ಅಲ್ಲ.

ಅವನ ಪಾಸ್‌ಪೋರ್ಟ್, ವೀಸಾ ಅಥವಾ ಇಕಾಮಾ, ಕೆಲಸದ ಕರಾರಿನ ನಕಲು ಹೆಣ್ಣಿನ ಹತ್ತಿರವೂ ಇರಲಿ. ಅಸಲು ಮದುವೆ ಪ್ರಮಾಣಪತ್ರದ ಒಂದು ದೃಢೀಕೃತ ಪ್ರತಿ ತವರಲ್ಲಿ ಇರಲಿ. ವಿದೇಶಕ್ಕೆ ಹೋದ ಮೇಲೆ ಅವಳ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು. ತೊಂದರೆ ಆದರೆ ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಘಟಕಕ್ಕೆ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ಗೆ ದೂರು ಕೊಡಬಹುದು. ರಾಜ್ಯದ ಅನಿವಾಸಿ ಭಾರತೀಯ ಸಮಿತಿಯನ್ನೂ ಸಂಪರ್ಕಿಸಬಹುದು.

ರಜೆಯಲ್ಲಿ ಬಂದವರ ಕೆಲಸದ ಪಟ್ಟಿ

• ಬರುವ ಮೊದಲು: ಇಬ್ಬರ ಪಾಸ್‌ಪೋರ್ಟ್, ಆಧಾರ್‌ನಲ್ಲಿ ಹೆಸರು ತಾಳೆ ನೋಡುವುದು, ಯಾವ ಕಾಯ್ದೆಯಡಿ ನೋಂದಣಿ ಅಂತ ತೀರ್ಮಾನಿಸುವುದು.

• ಮದುವೆ ಆದ ಮೊದಲ ವಾರ: ಸಾಕ್ಷಿಗಳ ಸಮೇತ ನೋಂದಣಿ. ಮಳೆಗಾಲವಾದರೆ ಕರೆಂಟು, ನೆಟ್‌ವರ್ಕ್ ಕೈಕೊಡುವ ದಿನಗಳನ್ನೂ ಲೆಕ್ಕ ಹಾಕಿ.

• ಎರಡನೇ ವಾರ: ಪ್ರಮಾಣಪತ್ರದ ಎರಡು ದೃಢೀಕೃತ ಪ್ರತಿ, ಅಪೊಸ್ಟಿಲ್ ಅಥವಾ ದೃಢೀಕರಣಕ್ಕೆ ಕಳಿಸುವುದು.

• ಹೊರಡುವ ಮೊದಲು: ವೀಸಾಕ್ಕೆ ಬೇಕಾದ ಸಹಿಗಳೆಲ್ಲ ಹಾಕಿ, ನಕಲುಗಳನ್ನು ಹೆಂಡತಿ ಕೈಗೆ ಕೊಡುವುದು.

ಗಮನಿಸಿ: ಸಂಬಳ ಮಿತಿ, ಶುಲ್ಕಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ಮೊದಲು ಆಯಾ ದೇಶದ ಸರ್ಕಾರಿ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.