ಶೆಲ್ ಸ್ಕ್ರಿಪ್ಟಿನ ಚರಿತ್ರೆ: ಅಳಿದ ದೋಷಗಳು, ಉಳಿದ ದೋಷಗಳು

ಯುನಿಕ್ಸ್ ಮತ್ತು ಅದರ ವಂಶಕ್ಕೆ ಸೇರಿದ ಕಾರ್ಯವ್ಯವಸ್ಥೆಗಳಲ್ಲಿ ಬಳಕೆದಾರನು ಟೈಪ್ ಮಾಡಿದ ಆದೇಶದ ಸಾಲನ್ನು ಓದಿ, ಪದಗಳಾಗಿ ಬಿಡಿಸಿ, ತಕ್ಕ ಪ್ರೋಗ್ರಾಮನ್ನು ನಡೆಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು. ಅಂಥ ಆದೇಶಗಳನ್ನು ಕಡತವೊಂದರಲ್ಲಿ ಬರೆದಿಟ್ಟು ಒಟ್ಟಾಗಿ ನಡೆಸುವಾಗ ಆ ಕಡತವನ್ನು ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ಹೀಗೆ ಒಂದೇ ತಂತ್ರಾಂಶವು ಮನುಷ್ಯನೊಡನೆ ಸಂವಾದಿಸುವ ಸಾಧನವೂ ಪ್ರೋಗ್ರಾಮಿಂಗ್ ಭಾಷೆಯೂ ಆಗಬೇಕಾಗಿ ಬಂದದ್ದರಿಂದ ಅದರಲ್ಲಿ ಅನೇಕ ವೈಚಿತ್ರ್ಯಗಳು ಸೇರಿಕೊಂಡವು. ಇವುಗಳಲ್ಲಿ ಯಾವುವು ಕಾಲಕ್ರಮದಲ್ಲಿ ಮಾಯವಾದವು, ಯಾವುವು ಇಂದಿಗೂ ಉಳಿದಿವೆ ಎಂದು ನೋಡಿದರೆ ಒಂದು ಕ್ರಮ ಗೋಚರಿಸುತ್ತದೆ: ಶೆಲ್ಲಿನ ಒಳರಚನೆಯಲ್ಲಷ್ಟೇ ಅಡಗಿದ್ದ ದೋಷಗಳನ್ನು ಮುಂದಿನವರು ಸದ್ದಿಲ್ಲದೆ ತಿದ್ದಿದರು, ಸ್ಕ್ರಿಪ್ಟು ಬರೆಯುವವರ ಅನುಭವಕ್ಕೆ ಬಂದ ದೋಷಗಳಾದರೋ, ಅವನ್ನೇ ನಂಬಿ ಬರೆದ ಸ್ಕ್ರಿಪ್ಟುಗಳು ಹೆಚ್ಚಿದಂತೆ ನಿಯಮಗಳಾಗಿ ನೆಲೆಗೊಂಡವು.

ಆದೇಶಗಳ ಪಟ್ಟಿಯನ್ನು ಕಡತದಿಂದ ಓದಿ ನಡೆಸುವ ಪದ್ಧತಿ ಯುನಿಕ್ಸಿಗಿಂತ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಗಾಗಿ ಫ್ರಾನ್ಸಿನ ಲೂಯಿ ಪುಜಾಂ ಅವರು ರನ್‌ಕಾಮ್ ಎಂಬ ಪ್ರೋಗ್ರಾಮನ್ನು ರಚಿಸಿದ್ದರು. ಅದರ ಮುಂದುವರಿಕೆಯಾಗಿ ಮಲ್ಟಿಕ್ಸ್ ವ್ಯವಸ್ಥೆಗೆ ಅವರು ಸೂಚಿಸಿದ ಶೆಲ್ಲಿನ ಕಲ್ಪನೆಯನ್ನು ಗ್ಲೆಂಡಾ ಶ್ರೋಡರ್ ಕಾರ್ಯರೂಪಕ್ಕೆ ತಂದರು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಬರೆದು 1971ರ ಯುನಿಕ್ಸ್ ಮೊದಲ ಆವೃತ್ತಿಯೊಡನೆ ಹೊರಬಂದ ಶೆಲ್ ಬಹಳ ಚಿಕ್ಕದು. ಷರತ್ತನ್ನು ಪರೀಕ್ಷಿಸುವ 'ಇಫ್' ಮತ್ತು ಬೇರೊಂದು ಸಾಲಿಗೆ ಜಿಗಿಯುವ 'ಗೋಟು' ಎಂಬ ಆದೇಶಗಳು ಅದರ ಭಾಗಗಳಾಗಿರದೆ ಪ್ರತ್ಯೇಕ ಪ್ರೋಗ್ರಾಮುಗಳಾಗಿದ್ದವು. ಶೆಲ್ ಓದುತ್ತಿದ್ದ ಕಡತವನ್ನೇ 'ಗೋಟು' ಕೂಡ ಹಂಚಿಕೊಂಡು, ಬೇಕಾದ ಗುರುತು ಸಿಗುವವರೆಗೆ ಮೊದಲಿನಿಂದ ಹುಡುಕಿ, ಓದುವ ಸ್ಥಾನವನ್ನು ಅಲ್ಲಿಗೆ ಸರಿಸುತ್ತಿತ್ತು. 1973ರಲ್ಲಿ ಡಗ್ಲಸ್ ಮ್ಯಾಕಿಲ್ರಾಯ್ ಅವರ ಒತ್ತಾಸೆಯಿಂದ ಪೈಪ್ ಸೌಲಭ್ಯ, ಅಂದರೆ ಒಂದು ಪ್ರೋಗ್ರಾಮಿನ ಫಲಿತವನ್ನು ನೇರವಾಗಿ ಇನ್ನೊಂದಕ್ಕೆ ಹರಿಸುವ ವ್ಯವಸ್ಥೆ, ಬಂದಾಗ ಚಿಕ್ಕ ಪ್ರೋಗ್ರಾಮುಗಳನ್ನು ಜೋಡಿಸಿ ದೊಡ್ಡ ಕೆಲಸ ಮಾಡುವ ರೂಢಿ ಬೇರೂರಿತು. ಆ ಜೋಡಣೆಗೆ ಥಾಂಪ್ಸನ್ನರ ಶೆಲ್ ಸಾಲದೆಂಬುದೂ ಬೇಗನೆ ತಿಳಿಯಿತು.

ಈ ಕೊರತೆಯನ್ನು ತುಂಬಿದವರು ಸ್ಟೀಫನ್ ಬೋರ್ನ್. 1976ರಲ್ಲಿ ಆರಂಭವಾಗಿ 1979ರಲ್ಲಿ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ ಪ್ರಕಟವಾದ ಅವರ ಶೆಲ್ಲಿನಲ್ಲಿ ಚರಗಳು, ಆವರ್ತನೆಗಳು, ಷರತ್ತುಗಳು ಎಲ್ಲವೂ ಭಾಷೆಯ ಅಂಗಗಳಾದವು. ಬೋರ್ನ್ ಅವರಿಗೆ ಆಲ್ಗಾಲ್ 68 ಎಂಬ ಭಾಷೆಯಲ್ಲಿ ಆಸಕ್ತಿಯಿದ್ದುದರಿಂದ 'ಇಫ್' ಎಂದು ತೆರೆದ ವಾಕ್ಯವನ್ನು ಅದೇ ಅಕ್ಷರಗಳನ್ನು ತಿರುಗಿಸಿದ 'ಫೈ' ಎಂಬುದರಿಂದ, 'ಕೇಸ್' ಎಂಬುದನ್ನು 'ಎಸಾಕ್' ಎಂಬುದರಿಂದ ಮುಚ್ಚುವ ಪದ್ಧತಿ ಬಂತು. 'ಡೂ' ಎಂಬುದಕ್ಕೆ ಮಾತ್ರ ತಿರುಗಿಸಿದ 'ಓಡಿ' ಎಂಬ ಹೆಸರು ಅದಾಗಲೇ ಬೇರೊಂದು ಉಪಕರಣಕ್ಕೆ ಸಂದಿದ್ದರಿಂದ 'ಡನ್' ಎಂಬುದನ್ನು ಬಳಸಬೇಕಾಯಿತು.

ಬೋರ್ನ್ ಶೆಲ್ಲಿನ ಒಳಗೆ ಎರಡು ಗಮನಾರ್ಹ ದೌರ್ಬಲ್ಯಗಳಿದ್ದವು. ಮೊದಲನೆಯದು ಸ್ಮೃತಿಯ ನಿರ್ವಹಣೆ: ತನಗೆ ದೊರೆತ ಸ್ಮೃತಿಯ ಎಲ್ಲೆ ದಾಟಿದಾಗ ಯಂತ್ರವು ಕೊಡುವ ದೋಷಸಂಕೇತವನ್ನು ಹಿಡಿದು, ಆಗಷ್ಟೇ ಹೆಚ್ಚಿನ ಸ್ಮೃತಿಯನ್ನು ಪಡೆದು, ನಿಂತ ಸೂಚನೆಯನ್ನು ಮತ್ತೆ ನಡೆಸುವ ಕ್ರಮವನ್ನು ಅದು ಅನುಸರಿಸುತ್ತಿತ್ತು. ದೋಷದ ಅನಂತರ ಸೂಚನೆಯನ್ನು ಸರಿಯಾಗಿ ಪುನರಾರಂಭಿಸಲಾಗದ ಮೊಟೊರೊಲಾ 68000 ಸಂಸ್ಕಾರಕದ ಯಂತ್ರಗಳಿಗೆ ಶೆಲ್ಲನ್ನು ಒಯ್ಯುವಾಗ ಈ ಉಪಾಯವೇ ದೊಡ್ಡ ತೊಡಕಾಯಿತು. ಎರಡನೆಯದು ಅಕ್ಷರಗಳ ನಿರೂಪಣೆ: ಆಸ್ಕಿ ಸಂಕೇತಕ್ಕೆ 7 ಬಿಟ್‌ಗಳು ಸಾಕಾಗುವುದರಿಂದ, ಯಾವ ಅಕ್ಷರವು ಉದ್ಧರಣ ಚಿಹ್ನೆಯೊಳಗಿದೆ ಎಂಬುದನ್ನು ಗುರುತಿಸಲು ಬೈಟಿನ ಎಂಟನೆಯ ಬಿಟ್ಟನ್ನು ಬೋರ್ನ್ ಬಳಸಿಕೊಂಡಿದ್ದರು. ಇಂಗ್ಲಿಷಿನ ಹೊರಗಿನ ಭಾಷೆಗಳಿಗೆ ಇದರಿಂದ ದಾರಿಯೇ ಮುಚ್ಚಿತು. ಕನ್ನಡದ ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ: ಇಂದು ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ಗಳು ಬೇಕು, ಆ ಮೂರರಲ್ಲೂ ಎಂಟನೆಯ ಬಿಟ್ 1 ಆಗಿರುತ್ತದೆ, ಆದ್ದರಿಂದ ಮೂಲ ಬೋರ್ನ್ ಶೆಲ್ಲಿಗೆ ಕನ್ನಡ ಹೆಸರಿನ ಕಡತವನ್ನು ಕೊಟ್ಟಿದ್ದರೆ ಆ ಹೆಸರು ಕೆಡದೆ ಹೊರಬರುವುದು ಸಾಧ್ಯವಿರಲಿಲ್ಲ. ಈ ಎರಡೂ ದೌರ್ಬಲ್ಯಗಳನ್ನು ನೆಚ್ಚಿ ಯಾರೂ ಸ್ಕ್ರಿಪ್ಟು ಬರೆದಿರಲಿಲ್ಲವಾದ್ದರಿಂದ ಮುಂದಿನ ಶೆಲ್ಲುಗಳು ಅವನ್ನು ಯಾವ ವಿರೋಧವೂ ಇಲ್ಲದೆ ಕೈಬಿಟ್ಟವು. 1992ರಲ್ಲಿ ರಾಬ್ ಪೈಕ್ ಅವರೊಡನೆ ಯುಟಿಎಫ್-8 ಪದ್ಧತಿಯನ್ನು ರೂಪಿಸಿದವರು ಯುನಿಕ್ಸಿನ ಮೊದಲ ಶೆಲ್ಲಿನ ಕರ್ತೃವಾದ ಥಾಂಪ್ಸನ್ನರೇ ಎಂಬುದು ಇಲ್ಲಿ ಸ್ಮರಣೀಯ.

ಹೊರಗೆ ಕಾಣುವ ದೋಷಗಳ ಗತಿ ಬೇರೆಯಾಯಿತು. ಚರದ ಬೆಲೆಯನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬಳಸಿದರೆ ಬೋರ್ನ್ ಶೆಲ್ ಆ ಬೆಲೆಯನ್ನು ಖಾಲಿ ಜಾಗಗಳಲ್ಲಿ ಒಡೆದು ಹಲವು ಪದಗಳಾಗಿ ಮಾಡುತ್ತಿತ್ತು. ಯಾವ ಚಿಹ್ನೆಗಳಲ್ಲಿ ಒಡೆಯಬೇಕೆಂಬುದನ್ನು ಐಎಫ್‌ಎಸ್ ಎಂಬ ಚರ ನಿರ್ಧರಿಸುತ್ತಿತ್ತು. ಮೂಲ ಶೆಲ್ಲಿನಲ್ಲಿ ಈ ಒಡೆತವು ಚರಗಳ ಬೆಲೆಗೆ ಮಾತ್ರವಲ್ಲದೆ ಸ್ಕ್ರಿಪ್ಟಿನಲ್ಲಿ ನೇರವಾಗಿ ಬರೆದ ಪದಗಳಿಗೂ ಅನ್ವಯಿಸುತ್ತಿದ್ದುದರಿಂದ, ಓರೆಗೆರೆಯನ್ನು ಐಎಫ್‌ಎಸ್‌ಗೆ ಸೇರಿಸಿ, ವಿಶೇಷಾಧಿಕಾರದಿಂದ ನಡೆಯುವ ಪ್ರೋಗ್ರಾಮೊಂದು ಕರೆದ ಆದೇಶದ ಪೂರ್ಣ ಮಾರ್ಗವನ್ನೇ ತುಂಡರಿಸಿ, ಅದರ ಬದಲಿಗೆ ತನ್ನದೇ ಪ್ರೋಗ್ರಾಮನ್ನು ನಡೆಸುವಂತೆ ಮಾಡುವುದು ದಾಳಿಕಾರನಿಗೆ ಸಾಧ್ಯವಿತ್ತು. ಮುಂದೆ ಒಡೆತವನ್ನು ಚರಗಳ ಮತ್ತು ಆದೇಶಗಳ ಫಲಿತಕ್ಕೆ ಸೀಮಿತಗೊಳಿಸಿ, ಪರಿಸರದಿಂದ, ಅಂದರೆ ಶೆಲ್ಲನ್ನು ಕರೆದ ಪ್ರೋಗ್ರಾಮಿನಿಂದ, ಬಂದ ಐಎಫ್‌ಎಸ್ ಬೆಲೆಯನ್ನು ಕಡೆಗಣಿಸುವ ಮೂಲಕ ಈ ಅಪಾಯವನ್ನು ತಪ್ಪಿಸಲಾಯಿತಾದರೂ, ಚರದ ಬೆಲೆ ಒಡೆಯುವ ಮೂಲ ನಿಯಮ ಹಾಗೆಯೇ ಉಳಿಯಿತು. ಅದರ ಬೆಲೆಯನ್ನು ಸಾಮಾನ್ಯ ಬಳಕೆದಾರರೇ ತೆರಬೇಕಾಯಿತು: 2001ರಲ್ಲಿ ಮ್ಯಾಕಿಂಟಾಷ್ ಗಣಕಗಳಿಗಾಗಿ ಹೊರಬಂದ ಐಟ್ಯೂನ್ಸ್ 2ರ ಸ್ಥಾಪನಾ ಸ್ಕ್ರಿಪ್ಟಿನಲ್ಲಿ ಉದ್ಧರಣ ಚಿಹ್ನೆ ಬಿಟ್ಟುಹೋಗಿದ್ದರಿಂದ, ಹೆಸರಿನಲ್ಲಿ ಖಾಲಿ ಜಾಗವಿದ್ದ ಡಿಸ್ಕುಗಳ ಮಾಹಿತಿ ಅಳಿಸಿಹೋಗುವ ಸ್ಥಿತಿ ಉಂಟಾಯಿತು.

ಶೆಲ್ಲುಗಳು ಕವಲೊಡೆದದ್ದು ಬೋರ್ನ್ ಶೆಲ್ ಬಂದ ಕಾಲದಲ್ಲೇ. ಬರ್ಕ್ಲಿಯಲ್ಲಿ ಬಿಲ್ ಜಾಯ್ 1970ರ ದಶಕದ ಕೊನೆಯಲ್ಲಿ ರಚಿಸಿದ ಸಿ ಶೆಲ್, ಹಿಂದಿನ ಆದೇಶಗಳನ್ನು ಮತ್ತೆ ಕರೆಯುವ ಅನುಕೂಲದಿಂದ ಸಂವಾದಕ್ಕೆ ಜನಪ್ರಿಯವಾಯಿತು, ಆದರೆ ಅದರ ವಾಕ್ಯರಚನೆ ಬೋರ್ನ್ ಶೆಲ್ಲಿನದಕ್ಕೆ ಹೊಂದುತ್ತಿರಲಿಲ್ಲ. ಬೆಲ್ ಪ್ರಯೋಗಾಲಯದ ಡೇವಿಡ್ ಕಾರ್ನ್ 1983ರಲ್ಲಿ ಪ್ರಕಟಿಸಿದ ಶೆಲ್ ಬೋರ್ನ್ ಪದ್ಧತಿಯನ್ನು ಉಳಿಸಿಕೊಂಡೇ ಸಂವಾದದ ಅನುಕೂಲಗಳನ್ನೂ ತಂದಿತು. ಸಾಲೊಂದನ್ನು ಮುದ್ರಿಸುವ 'ಎಕೋ' ಎಂಬ ಅತಿ ಸರಳ ಆದೇಶವೂ ಈ ಕವಲುಗಳಿಗೆ ಸಿಕ್ಕಿತು: ಸಾಲಿನ ಕೊನೆ ಮುರಿಯದಂತೆ ತಡೆಯಲು ಏಳನೆಯ ಆವೃತ್ತಿ ಮತ್ತು ಬರ್ಕ್ಲಿ ಪರಂಪರೆಯಲ್ಲಿ ಆದೇಶದ ಮುಂದೆ ಒಂದು ಆಯ್ಕೆಯನ್ನು ಬರೆಯಬೇಕಿದ್ದರೆ, ಸಿಸ್ಟಮ್ ಫೈವ್ ಎಂಬ ಇನ್ನೊಂದು ಯುನಿಕ್ಸ್ ಪರಂಪರೆಯಲ್ಲಿ ಪಠ್ಯದ ಕೊನೆಯಲ್ಲಿ ಹಿಂಗೆರೆಯ ಸಂಕೇತವನ್ನು ಸೇರಿಸಬೇಕಿತ್ತು, ಒಂದರಲ್ಲಿ ಸರಿಯಾದ ಸಾಲು ಇನ್ನೊಂದರಲ್ಲಿ ಆ ಗುರುತನ್ನೇ ಅಕ್ಷರಶಃ ಮುದ್ರಿಸುತ್ತಿತ್ತು.

1992ರಲ್ಲಿ ಅಂಗೀಕೃತವಾದ, ಶೆಲ್ಲಿನ ವರ್ತನೆಯನ್ನು ನಿಗದಿಪಡಿಸುವ ಪಾಸಿಕ್ಸ್ 1003.2 ಮಾನಕವು ಇಂಥ ಭೇದಗಳನ್ನು ಎದುರಿಸಿದ ರೀತಿ ಗಮನಾರ್ಹವಾದುದು. ಸಿಸ್ಟಮ್ ಫೈವ್‌ನ ಬೋರ್ನ್ ಶೆಲ್ಲನ್ನು ಆಧಾರವಾಗಿಟ್ಟುಕೊಂಡು, ಕಾರ್ನ್ ಶೆಲ್ಲಿನಿಂದ ಹಲವು ಅಂಶಗಳನ್ನು ಸೇರಿಸಿಕೊಂಡ ಈ ಮಾನಕವು ಬಹುಮಟ್ಟಿಗೆ ಇದ್ದುದನ್ನೇ ದಾಖಲಿಸಿತು. ಎರಡು ಪರಂಪರೆಗಳು ಪರಸ್ಪರ ವಿರೋಧಿಸಿದ ಕಡೆ ಯಾವುದನ್ನೂ ತಪ್ಪೆನ್ನದೆ, ನಿರ್ಧಾರವನ್ನು ಶೆಲ್ ರಚಿಸುವವರಿಗೇ ಬಿಟ್ಟಿತು. 'ಎಕೋ' ವಿಷಯದಲ್ಲಿ ಅದು ಹೀಗೆಯೇ ಮಾಡಿ, ಎಲ್ಲೆಡೆ ಒಂದೇ ರೀತಿ ನಡೆಯಬೇಕಾದ ಸ್ಕ್ರಿಪ್ಟುಗಳಿಗೆ 'ಪ್ರಿಂಟ್‌ಎಫ್' ಎಂಬ ಬೇರೊಂದು ಆದೇಶವನ್ನು ಸೂಚಿಸಿತು. ಪೈಪಿನ ಕೊನೆಯ ಭಾಗವು ಮೂಲ ಶೆಲ್ಲಿನಲ್ಲೇ ನಡೆಯಬೇಕೇ ಅಥವಾ ಉಪಶೆಲ್ಲಿನಲ್ಲಿ, ಅಂದರೆ ಅದರ ಪ್ರತಿಯೊಂದರಲ್ಲಿ, ನಡೆಯಬೇಕೇ ಎಂಬ ಪ್ರಶ್ನೆಯಲ್ಲೂ ಎರಡಕ್ಕೂ ಅವಕಾಶವಿದ್ದುದರಿಂದ, ಪೈಪಿನ ತುದಿಯಲ್ಲಿ ಓದಿದ ಬೆಲೆ ಕಾರ್ನ್ ಶೆಲ್ಲಿನಲ್ಲಿ ಉಳಿದರೆ ಬ್ಯಾಶ್ ಎಂಬ ಇನ್ನೊಂದು ಶೆಲ್ಲಿನಲ್ಲಿ ಸಾಮಾನ್ಯವಾಗಿ ಕಳೆದುಹೋಗುತ್ತದೆ.

ಮಾನಕಕ್ಕಿಂತ ಹೆಚ್ಚಿನ ಪ್ರಭಾವವನ್ನು ಬೀರಿದ್ದು ಬ್ಯಾಶ್. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ 1989ರಲ್ಲಿ ಬರೆದು, ಮುಂದೆ ಚೆಟ್ ರೇಮಿ ಅವರು ದಶಕಗಳ ಕಾಲ ಪೋಷಿಸಿದ ಈ ಶೆಲ್ ಲಿನಕ್ಸ್‌ನೊಡನೆ ಎಲ್ಲೆಡೆ ಹಬ್ಬಿದಾಗ, ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಮಾನ್ಯ ಶೆಲ್ಲಿನ ಹೆಸರಿನಲ್ಲಿ ನಡೆಯುತ್ತಿದ್ದುದೂ ಅದೇ ಆಗಿತ್ತು. ಹೀಗಾಗಿ ಸಾಮಾನ್ಯ ಶೆಲ್ ಸಾಕೆಂದು ಮೊದಲ ಸಾಲಿನಲ್ಲಿ ಘೋಷಿಸಿಕೊಂಡ ಸ್ಕ್ರಿಪ್ಟುಗಳಲ್ಲಿ ಬ್ಯಾಶಿಗಷ್ಟೇ ಸೇರಿದ ಸರಣಿಗಳು, ಜೋಡಿ ಆವರಣಗಳು ನುಸುಳಿದವು. 2006ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ವಿತರಣೆಯ 6.10 ಆವೃತ್ತಿ, ಗಣಕವು ಬೇಗ ಚಾಲನೆಗೊಳ್ಳಲೆಂದು, ಆ ಸ್ಥಾನಕ್ಕೆ ಡ್ಯಾಶ್ ಎಂಬ ಚಿಕ್ಕ ಶೆಲ್ಲನ್ನು ತಂದಾಗ ಅಂಥ ಸ್ಕ್ರಿಪ್ಟುಗಳು ಏಕಾಏಕಿ ನಿಂತವು. ಮಾನಕದ ಪ್ರಕಾರ ತಪ್ಪು ಸ್ಕ್ರಿಪ್ಟುಗಳದೇ ಆಗಿದ್ದರೂ, ಅಲ್ಲಿಯವರೆಗೆ ಅವು ದೋಷವಿಲ್ಲದೆ ನಡೆದಿದ್ದುದರಿಂದ ಬದಲಾವಣೆಯೇ ತಪ್ಪೆಂಬ ಆಕ್ಷೇಪ ಬಲವಾಗಿ ಕೇಳಿಬಂತು. ಡೆಬಿಯನ್ ವಿತರಣೆ ತನ್ನ ಸ್ಕ್ರಿಪ್ಟುಗಳನ್ನು ತಿದ್ದಿಕೊಂಡು ಇದೇ ದಾರಿ ಹಿಡಿದದ್ದು 2011ರಲ್ಲಿ.

ಒಳರಚನೆಗೂ ಹೊರಗಿನ ವರ್ತನೆಗೂ ನಡುವಿನ ಗೆರೆ ಅಳಿಸಿದಾಗ ಏನಾಗುತ್ತದೆ ಎಂಬುದನ್ನು 2014ರ ಸೆಪ್ಟೆಂಬರ್ 24ರಂದು ಬಹಿರಂಗವಾದ ಶೆಲ್‌ಶಾಕ್ ಎಂಬ ದೋಷ ತೋರಿಸಿತು. ಒಂದು ಶೆಲ್ಲಿನಲ್ಲಿ ಬರೆದ ಕಾರ್ಯಘಟಕವನ್ನು ಅದು ಹುಟ್ಟುಹಾಕಿದ ಇನ್ನೊಂದು ಶೆಲ್ಲಿಗೆ ಒಯ್ಯಲು ಬ್ಯಾಶ್ ಅದನ್ನು ಸಾಮಾನ್ಯ ಪರಿಸರ ಚರದಲ್ಲಿ ಪಠ್ಯವಾಗಿ ಇಡುತ್ತಿತ್ತು. ಆದರೆ ಆ ಪಠ್ಯವನ್ನು ಓದುವಾಗ ಘಟಕದ ಅಂತ್ಯದಲ್ಲಿ ನಿಲ್ಲದೆ ಅದರ ಮುಂದೆ ಬರೆದಿದ್ದ ಆದೇಶಗಳನ್ನೂ ನಡೆಸಿಬಿಡುತ್ತಿತ್ತು. ಹೊರಗಿನವರು ಕಳುಹಿಸಿದ ಕೋರಿಕೆಯ ವಿವರಗಳನ್ನು ಜಾಲ ಸರ್ವರುಗಳು ಇದೇ ಪರಿಸರ ಚರಗಳಲ್ಲಿ ತುಂಬುತ್ತಿದ್ದುದರಿಂದ, ಸ್ಟೆಫಾನ್ ಶಜಲಾ ಪತ್ತೆಹಚ್ಚಿದ ಈ ದೋಷವು 1989ರಿಂದ ಯಾರ ಗಮನಕ್ಕೂ ಬಾರದೆ ಇದ್ದು, ದೂರದ ಅಪರಿಚಿತನೂ ಸರ್ವರಿನಲ್ಲಿ ತನ್ನ ಆದೇಶ ನಡೆಸಬಹುದಾದ ದಾರಿಯಾಗಿ ಪರಿಣಮಿಸಿತ್ತು. ಘಟಕಗಳನ್ನು ಒಯ್ಯುವ ಚರಗಳಿಗೆ ವಿಶಿಷ್ಟವಾದ ಹೆಸರಿನ ರೂಪವನ್ನು ಕಡ್ಡಾಯಗೊಳಿಸಿ ಆ ದಾರಿಯನ್ನು ಮುಚ್ಚಲಾಯಿತು. ಕಾರ್ಯಘಟಕ ಹೇಗೆ ಸಾಗುತ್ತದೆ ಎಂಬುದು ಒಳಗಿನ ವಿಷಯವಾಗಿದ್ದು, ಅದನ್ನು ನೆಚ್ಚಿದ ಸ್ಕ್ರಿಪ್ಟುಗಳು ವಿರಳವಾಗಿದ್ದುದರಿಂದಲೇ ಈ ತಿದ್ದುಪಡಿ ಕೆಲವೇ ದಿನಗಳಲ್ಲಿ ಸಾಧ್ಯವಾಯಿತು.

ಕನ್ನಡದ ಪಠ್ಯವನ್ನು ಸ್ಕ್ರಿಪ್ಟಿನಲ್ಲಿ ಸಂಸ್ಕರಿಸುವವರಿಗೆ ಈ ಚರಿತ್ರೆ ಇನ್ನೂ ಮುಗಿದಿಲ್ಲ. 'ಕನ್ನಡ' ಎಂಬ ಪದದಲ್ಲಿ ಓದುಗನು ಕಾಣುವುದು 3 ಅಕ್ಷರಗಳನ್ನು. ಯುನಿಕೋಡ್ ಸಂಕೇತಗಳನ್ನು ಎಣಿಸುವ ಬ್ಯಾಶ್ ಹೇಳುವ ಉದ್ದ 5, ಬೈಟ್‌ಗಳನ್ನು ಎಣಿಸುವ ಡ್ಯಾಶ್ ಆವೃತ್ತಿಗಳು ಹೇಳುವ ಉದ್ದ 15. ಹೆಸರುಗಳನ್ನು ಕಂಬಸಾಲಾಗಿ ಜೋಡಿಸುವ ಅಥವಾ ಮೊದಲ ಅಕ್ಷರವನ್ನು ಬೇರ್ಪಡಿಸುವ ಸ್ಕ್ರಿಪ್ಟು ಈ ಭೇದವನ್ನು ಗಮನಿಸದಿದ್ದರೆ ಅದರ ಫಲಿತವು ಒಂದೊಂದು ಗಣಕದಲ್ಲಿ ಒಂದೊಂದು ರೀತಿಯಲ್ಲಿ ಕೆಡುತ್ತದೆ.

2024ರ ಪಾಸಿಕ್ಸ್ ಆವೃತ್ತಿಯು ಪೈಪಿನ ನಡುವಿನ ವೈಫಲ್ಯವನ್ನು ಒಟ್ಟು ಫಲಿತದಲ್ಲಿ ತೋರಿಸುವ 'ಪೈಪ್‌ಫೇಲ್' ಆಯ್ಕೆಯನ್ನು, ಬ್ಯಾಶಿನಂಥ ಶೆಲ್ಲುಗಳಲ್ಲಿ ಅದು ಸುಮಾರು ಇಪ್ಪತ್ತು ವರ್ಷ ಬಳಕೆಯಲ್ಲಿದ್ದ ಮೇಲೆ, ಅಂಗೀಕರಿಸಿತು. ಕಾರ್ಯಘಟಕದೊಳಗೆ ಸೀಮಿತವಾದ ಚರಗಳನ್ನು ಸಾರುವ 'ಲೋಕಲ್' ಮಾತ್ರ, ವ್ಯಾಪಕವಾಗಿ ಬಳಕೆಯಲ್ಲಿದ್ದರೂ, ಶೆಲ್ಲುಗಳ ನಡುವಿನ ಅರ್ಥಭೇದದಿಂದಾಗಿ ಹೊರಗೇ ಉಳಿದಿದೆ. ಈ ನಿಧಾನವನ್ನು ಮಾನಕ ರೂಪಿಸುವವರ ಅಶಕ್ತಿಯೆಂದು ತಿಳಿಯುವುದು ಸರಿಯಲ್ಲ. ನಾಲ್ಕು ದಶಕಗಳ ಹಿಂದೆ ಬರೆದ ಸ್ಕ್ರಿಪ್ಟೊಂದು ಇಂದಿನ ಯಂತ್ರದಲ್ಲಿ ನಡೆಯಬಲ್ಲದಾದರೆ ಅದಕ್ಕೆ ಕಾರಣ, ಹಳೆಯ ನಡವಳಿಕೆಯನ್ನು ಮುರಿಯಬಾರದೆಂಬ ಈ ಸಂಯಮವೇ. ಚರವನ್ನು ಉದ್ಧರಣ ಚಿಹ್ನೆಗಳೊಳಗೆ ಬರೆಯುವುದು, 'ಪ್ರಿಂಟ್‌ಎಫ್' ಬಳಸುವುದು, ಬೇಕಾದ ಶೆಲ್ಲನ್ನು ಮೊದಲ ಸಾಲಿನಲ್ಲೇ ಸರಿಯಾಗಿ ಹೆಸರಿಸುವುದು ಮುಂತಾದ ಎಚ್ಚರಗಳು ಆ ಸಂಯಮಕ್ಕೆ ಪ್ರತಿಯೊಬ್ಬ ಸ್ಕ್ರಿಪ್ಟುಗಾರನೂ ಸಲ್ಲಿಸಬೇಕಾದ ಸಣ್ಣ ತೆರಿಗೆ. ಈ ನಿಯಮಗಳನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ ಅವು ಹುಟ್ಟಿದ ಕಾರಣಗಳನ್ನೂ ಕಲಿಸಿದರೆ, ಹೊಸ ತಲೆಮಾರಿನವರು ತಾವು ರೂಪಿಸುವ ಉಪಕರಣಗಳಲ್ಲಿ ಮೊದಲ ದಿನದ ಆಯ್ಕೆಗಳನ್ನು ಹೆಚ್ಚಿನ ಹೊಣೆಗಾರಿಕೆಯಿಂದ ಮಾಡಬಲ್ಲರು, ಏಕೆಂದರೆ ಇನ್ನೊಬ್ಬರು ನೆಚ್ಚಿದ ಬಳಿಕ ಆ ಆಯ್ಕೆಗಳನ್ನು ಹಿಂಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಶೆಲ್ಲಿನ ಚರಿತ್ರೆಯೇ ಸಾಕ್ಷಿ.