ಸಾಲ ಮಾಸ್ಕೋಗೆ, ಬಿಡಿಭಾಗ ಕೀವ್‌ನಲ್ಲಿ: ಎಎನ್-32 ವಿಮಾನ ಕೊಂಡ ಕಥೆ

1987ರ ಜೂನ್ 4ರ ಮಧ್ಯಾಹ್ನ ಬೆಂಗಳೂರಿನಿಂದ ಐದು ಸಾಗಣೆ ವಿಮಾನಗಳು ದಕ್ಷಿಣದ ಕಡೆಗೆ ಹಾರಿದವು. ಅವುಗಳಲ್ಲಿ ಇದ್ದದ್ದು ಬಾಂಬಲ್ಲ, ಆಹಾರ ಮತ್ತು ಔಷಧಿ. ಬೆಂಗಾವಲಿಗೆ ಮಿರಾಜ್ 2000 ಯುದ್ಧವಿಮಾನಗಳಿದ್ದವು. ಶ್ರೀಲಂಕಾ ಸೇನೆಯ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ ಜಾಫ್ನಾದ ತಮಿಳರಿಗೆ ಭಾರತ ಹಿಂದಿನ ದಿನ ದೋಣಿಗಳಲ್ಲಿ ಪರಿಹಾರ ಸಾಮಗ್ರಿ ಕಳಿಸಿತ್ತು. ಶ್ರೀಲಂಕಾ ನೌಕಾಪಡೆ ಆ ದೋಣಿಗಳನ್ನು ವಾಪಸ್ ಕಳಿಸಿತು. ಹೀಗಾಗಿ ಮಾರನೆಯ ದಿನ ವಿಮಾನಗಳು ಹೊರಟವು. ಸುಮಾರು 25 ಟನ್ ಸಾಮಗ್ರಿಯನ್ನು ಪ್ಯಾರಾಚೂಟ್ ಕಟ್ಟಿ ಜಾಫ್ನಾದ ಮೇಲೆ ಇಳಿಸಿ ಮರಳಿದವು. ‘ಆಪರೇಷನ್ ಪೂಮಾಲೈ’ ಎಂಬ ಹೆಸರಿನಲ್ಲಿ ಅದು ಚರಿತ್ರೆ ಸೇರಿತು.

ಈ ಕಾರ್ಯಾಚರಣೆಯ ರಾಜಕೀಯದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆ ಐದು ವಿಮಾನಗಳ ಬಗ್ಗೆ ಮಾತಾಡಿದವರು ಕಡಿಮೆ. ಅವು ಎಎನ್-32. ನಮ್ಮ ವಾಯುಪಡೆಗೆ ಬಂದು ಆಗಿನ್ನೂ ಮೂರು ವರ್ಷವಾಗಿತ್ತು. ವಾಯುಪಡೆ ಅವಕ್ಕೆ ‘ಸಟ್ಲೆಜ್’ ಎಂದು ಹೆಸರಿಟ್ಟಿತ್ತು. ಅವನ್ನು ಕಟ್ಟಿದ್ದು ಸೋವಿಯತ್ ಒಕ್ಕೂಟದ ಕೀವ್ ನಗರದಲ್ಲಿ. ಕೀವ್ ಮಾಸ್ಕೋದಿಂದ ಎಷ್ಟು ದೂರ, ಅದು ಯಾವ ಗಣರಾಜ್ಯಕ್ಕೆ ಸೇರಿದ್ದು ಎಂದು ಆಗ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆ ಪ್ರಶ್ನೆ ನಾಲ್ಕೇ ವರ್ಷದಲ್ಲಿ ಎದುರಾಯಿತು, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ.

ಡಾಲರ್ ಇಲ್ಲದ ದೇಶ, ಎತ್ತರದ ಗಡಿ

ಭಾರತಕ್ಕೆ ಸಾಗಣೆ ವಿಮಾನದ ಬೆಲೆ ಗೊತ್ತಾದದ್ದು ಸ್ವಾತಂತ್ರ್ಯ ಬಂದ ಎರಡೇ ತಿಂಗಳಿಗೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲ ತುಕಡಿ ಶ್ರೀನಗರದಲ್ಲಿ ಇಳಿದದ್ದು ಡಕೋಟಾ ವಿಮಾನಗಳಲ್ಲಿ. ಅವು ಎರಡನೇ ಮಹಾಯುದ್ಧದಿಂದ ಉಳಿದುಬಂದವು. ವಾಯುಪಡೆಯದ್ದು ಸಾಲದೆ ಖಾಸಗಿ ಕಂಪನಿಗಳ ವಿಮಾನಗಳನ್ನೂ ಬಳಸಬೇಕಾಯಿತು.

1954ರಲ್ಲಿ ಅಮೆರಿಕದಿಂದ ಸಿ-119 ‘ಪ್ಯಾಕೆಟ್’ ಬಂತು. ಒಳ್ಳೆಯ ವಿಮಾನವೇ. ಆದರೆ ಲಡಾಖ್‌ನಂಥ ಎತ್ತರದ ಜಾಗದಲ್ಲಿ ಗಾಳಿ ತೆಳು, ಎಂಜಿನ್‌ಗೆ ಉಸಿರು ಸಾಲದು. ಅದಕ್ಕಾಗಿ ವಿಮಾನದ ಬೆನ್ನ ಮೇಲೆ ಹೆಚ್ಚುವರಿ ಜೆಟ್ ಎಂಜಿನ್ ಕೂರಿಸುವ ಉಪಾಯ ಮಾಡಲಾಯಿತು. ಇದಕ್ಕೆ ಬಳಸಿದ ಆರ್ಫಿಯಸ್ ಎಂಜಿನ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಬ್ರಿಟಿಷ್ ಪರವಾನಗಿಯ ಮೇಲೆ ತಯಾರಾಗುತ್ತಿತ್ತು. ಪರದೇಶದ ವಿಮಾನವನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಳ್ಳುವ ಪಾಠ ಅಲ್ಲೇ ಶುರುವಾಯಿತು. 1962ರ ಜುಲೈನಲ್ಲಿ ಒಂದು ಪ್ಯಾಕೆಟ್ ವಿಮಾನ 16,000 ಅಡಿಗೂ ಮೇಲಿರುವ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1961ರಲ್ಲಿ ಭಾರತ ಸೋವಿಯತ್ ಒಕ್ಕೂಟದಿಂದ ಎಎನ್-12 ವಿಮಾನಗಳನ್ನು ತರಿಸಿಕೊಂಡಿತು. ಪಾಶ್ಚಾತ್ಯರು ಡಾಲರ್ ಅಥವಾ ಪೌಂಡ್ ಕೇಳುತ್ತಿದ್ದರು. ಸೋವಿಯತ್ ಒಕ್ಕೂಟ ರೂಪಾಯಿಯನ್ನೇ ತೆಗೆದುಕೊಳ್ಳಲು ಒಪ್ಪಿತ್ತು. ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶಕ್ಕೆ ಇದು ದೊಡ್ಡ ಅನುಕೂಲ. ಮರುವರ್ಷ ಚೀನಾ ಯುದ್ಧ ಬಂದಾಗ ಎಎಂಎಕ್ಸ್-13 ಟ್ಯಾಂಕ್‌ಗಳನ್ನು ಚುಶೂಲ್‌ಗೆ ಹೊತ್ತು ಹಾಕಿದ್ದು ಇದೇ ಎಎನ್-12. ಅಲ್ಲಿಂದ ಸೋವಿಯತ್ ಸಾಗಣೆ ವಿಮಾನದ ಮೇಲೆ ನಮ್ಮವರ ನಂಬಿಕೆ ಗಟ್ಟಿಯಾಯಿತು.

ರೂಪಾಯಿ ಲೆಕ್ಕದ ವಿಮಾನ

1970ರ ದಶಕದ ಕೊನೆಯ ಹೊತ್ತಿಗೆ ಡಕೋಟಾ, ಪ್ಯಾಕೆಟ್‌ಗಳಿಗೆ ವಯಸ್ಸಾಗಿತ್ತು. ಬಿಸಿಲೂ ಎತ್ತರವೂ ಎರಡೂ ಇರುವ ನೆಲದಲ್ಲಿ ಕೆಲಸ ಮಾಡುವ ವಿಮಾನ ಬೇಕಿತ್ತು. ಕೀವ್‌ನ ಆಂಟೊನೊವ್ ಸಂಸ್ಥೆ ತನ್ನ ಎಎನ್-26 ಮಾದರಿಗೆ ಇನ್ನೂ ಬಲವಾದ ಎಂಜಿನ್ ಹಾಕಿ ಎಎನ್-32 ರೂಪಿಸಿತು. ದೊಡ್ಡ ಪ್ರೊಪೆಲ್ಲರ್ ನೆಲಕ್ಕೆ ತಾಗದಿರಲಿ, ಕಚ್ಚಾ ರನ್‌ವೇಯ ಕಲ್ಲು ಮಣ್ಣು ಎಂಜಿನ್‌ಗೆ ಸಿಡಿಯದಿರಲಿ ಎಂದು ಎಂಜಿನ್‌ಗಳನ್ನು ರೆಕ್ಕೆಯ ಮೇಲ್ಭಾಗದಲ್ಲಿ ಕೂರಿಸಲಾಯಿತು. ಅದಕ್ಕೇ ಈ ವಿಮಾನ ನೋಡಲು ಭುಜ ಎತ್ತಿಕೊಂಡು ನಿಂತಂತೆ ಕಾಣುತ್ತದೆ. ಸುಮಾರು ಆರೂವರೆ ಟನ್ ಸರಕು ಹೊರುತ್ತದೆ. ಇದನ್ನು ಮೊದಲು ಕೊಂಡ ಹೊರದೇಶ ಭಾರತ. 1984ರಿಂದ ಬರತೊಡಗಿದವು, ನೂರಕ್ಕೂ ಹೆಚ್ಚು ಬಂದವು.

ದುಡ್ಡು ಹೇಗೆ ಕೊಟ್ಟೆವು? ಸೋವಿಯತ್ ಶಸ್ತ್ರಾಸ್ತ್ರ ಖರೀದಿಗೆ ಕಡಿಮೆ ಬಡ್ಡಿಯ, ದೀರ್ಘ ಕಂತಿನ ಸಾಲ ಸಿಗುತ್ತಿತ್ತು. ತೀರಿಸುವುದು ರೂಪಾಯಿಯಲ್ಲಿ. ಆ ರೂಪಾಯಿಯಿಂದ ಸೋವಿಯತ್ ಒಕ್ಕೂಟ ಭಾರತದ ಸರಕನ್ನೇ ಕೊಳ್ಳುತ್ತಿತ್ತು: ಚಹಾ, ಸೆಣಬು, ಚರ್ಮ, ತಂಬಾಕು, ಗೋಡಂಬಿ, ಕಾಫಿ.

ಕಾಫಿ ಎಂದರೆ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ. ಆಗ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಎಲ್ಲವನ್ನೂ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಮಾರಿ ಹಣವನ್ನು ಕಂತುಕಂತಾಗಿ ಕೊಡುತ್ತಿತ್ತು. ಭಾರತದ ಕಾಫಿಗೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಇಂಥ ಮೂಟೆಗೆ ಇಂಥ ವಿಮಾನ ಎಂದು ಹೇಳಲಾಗದು. ಆದರೆ ಎರಡೂ ದೇಶಗಳ ನಡುವಿನ ಜಮಾಖರ್ಚಿನಲ್ಲಿ ಒಂದು ಕಡೆ ಶಸ್ತ್ರಾಸ್ತ್ರ, ಇನ್ನೊಂದು ಕಡೆ ಕಾಫಿ ಮೂಟೆಯೂ ಇದ್ದದ್ದು ನಿಜ. ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ಕೂಲಿ ಹೆಣ್ಣುಮಗಳಿಗೆ ಈ ಲೆಕ್ಕ ಯಾರೂ ಹೇಳಿರಲಾರರು.

ಕಾರ್ಖಾನೆ ಇದ್ದ ದೇಶವೇ ಬೇರೆಯಾದಾಗ

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಮಲೆನಾಡಿನ ಬೆಳೆಗಾರರಿಗೆ ಅದರ ಬಿಸಿ ಕಾಫಿ ಮಾರುಕಟ್ಟೆಯ ಮೂಲಕ ತಟ್ಟಿತು. ವಾಯುಪಡೆಗೆ ತಟ್ಟಿದ್ದು ಬಿಡಿಭಾಗಗಳ ಮೂಲಕ.

ಮನೆ ಪಾಲಾದಾಗ ಏನಾಗುತ್ತದೆ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಕಿ ವಸೂಲಿಯ ಪತ್ರ ಒಬ್ಬ ಅಣ್ಣನ ಪಾಲಿಗೆ, ಬಾವಿ ಇರುವ ಜಮೀನು ಇನ್ನೊಬ್ಬನ ಪಾಲಿಗೆ. ಇಲ್ಲಿ ಆದದ್ದೂ ಅದೇ. ಸೋವಿಯತ್ ಒಕ್ಕೂಟಕ್ಕೆ ಭಾರತ ಕೊಡಬೇಕಿದ್ದ ಬಾಕಿಗೆ ರಷ್ಯಾ ವಾರಸುದಾರನಾಯಿತು. 1993ರ ಜನವರಿಯಲ್ಲಿ ಬೋರಿಸ್ ಯೆಲ್ಟ್ಸಿನ್ ದೆಹಲಿಗೆ ಬಂದಾಗ ಆ ಸಾಲದ ಲೆಕ್ಕ ಹೊಸದಾಗಿ ಬರೆಯಲಾಯಿತು. ಆದರೆ ಎಎನ್-32ರ ನಕ್ಷೆ ಮತ್ತು ಕಾರ್ಖಾನೆ ಕೀವ್‌ನಲ್ಲಿ, ಎಂಜಿನ್ ಕಾರ್ಖಾನೆ ಝಪೊರಿಝಿಯಾದಲ್ಲಿ. ಎರಡೂ ಉಕ್ರೇನ್‌ಗೆ ಹೋದವು. 1985ರಿಂದ ಬಂದ ದೊಡ್ಡ ವಿಮಾನ ಐಎಲ್-76ರ ಕಾರ್ಖಾನೆ ತಾಷ್ಕೆಂಟ್‌ನಲ್ಲಿತ್ತು, ಅದು ಉಜ್ಬೇಕಿಸ್ತಾನದ ಪಾಲಾಯಿತು. ಕಂತು ಮಾಸ್ಕೋಗೆ ಕಟ್ಟಬೇಕು, ಬಿಡಿಭಾಗಕ್ಕೆ ಬೇರೆಯವರ ಬಾಗಿಲು ತಟ್ಟಬೇಕು. ಅದೂ ಇನ್ನು ರೂಪಾಯಿಯಲ್ಲಲ್ಲ, ಡಾಲರ್‌ನಲ್ಲಿ.

ಹಾಗೂ ಹೀಗೂ ಕಾಲ ಸಾಗಿತು. 2009ರಲ್ಲಿ ಭಾರತ ಉಕ್ರೇನ್ ಜೊತೆ ಸುಮಾರು 40 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. 105 ವಿಮಾನಗಳನ್ನು ನವೀಕರಿಸಿ ಅವುಗಳ ಆಯಸ್ಸನ್ನು 25ರಿಂದ 40 ವರ್ಷಕ್ಕೆ ಏರಿಸುವುದು ಉದ್ದೇಶ. 40 ವಿಮಾನ ಉಕ್ರೇನ್‌ನಲ್ಲಿ, ಉಳಿದವು ಕಾನ್ಪುರದ ವಾಯುಪಡೆ ದುರಸ್ತಿ ಡಿಪೊದಲ್ಲಿ ಎಂದು ನಿಗದಿಯಾಯಿತು. ಉಕ್ರೇನ್‌ನ ಪಾಲಿನ ಕೆಲಸ ಮುಗಿಯಿತು. ಕಾನ್ಪುರದ ಕೆಲಸ ಕುಂಟಿತು. ಯಾಕೆಂದರೆ 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಿತ್ತು. ಒಂದು ಕಾಲಕ್ಕೆ ಒಂದೇ ದೇಶದ ಕಾರ್ಖಾನೆಗಳು ಈಗ ಶತ್ರುಗಳ ಕಾರ್ಖಾನೆಗಳಾಗಿದ್ದವು. 2022ರ ಫೆಬ್ರುವರಿಯಲ್ಲಿ ಪೂರ್ಣ ಯುದ್ಧವೇ ಶುರುವಾಯಿತು. ಕೀವ್ ಪಕ್ಕದ ಹೊಸ್ತೋಮೆಲ್‌ನಲ್ಲಿರುವ ಆಂಟೊನೊವ್ ವಿಮಾನ ನಿಲ್ದಾಣ ಮೊದಲ ದಿನವೇ ರಣರಂಗವಾಯಿತು. ಜಗತ್ತಿನ ಅತಿ ದೊಡ್ಡ ಸರಕು ವಿಮಾನ ಎಎನ್-225 ಅಲ್ಲೇ ನಾಶವಾಯಿತು.

ವಿಮಾನದಲ್ಲಿ ಕೂರುವವರು ಯಾರು?

ಇದು ಬರೀ ಲೆಕ್ಕಪತ್ರದ ವಿಷಯವಲ್ಲ. ಅರುಣಾಚಲದ ಮೆಚುಕಾದಂಥ ಕಣಿವೆಯ ರನ್‌ವೇಗೆ ಅಕ್ಕಿ, ಸೀಮೆಎಣ್ಣೆ, ಔಷಧಿ, ಸೈನಿಕರು ತಲುಪುವುದು ಇಂಥ ವಿಮಾನಗಳಲ್ಲಿ. 43 ವರ್ಷ ಮುಚ್ಚಿದ್ದ ದೌಲತ್ ಬೇಗ್ ಓಲ್ಡಿಯ ನೆಲದಲ್ಲಿ 2008ರ ಮೇ 31ರಂದು ಮತ್ತೆ ಇಳಿದದ್ದೂ ಎಎನ್-32.

ಇದೇ ವಿಮಾನ ಕಣ್ಣೀರನ್ನೂ ತಂದಿದೆ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು, ಅದರಲ್ಲಿ 29 ಜನರಿದ್ದರು. ಅದರ ಅವಶೇಷ ಸುಮಾರು 3,400 ಮೀಟರ್ ಆಳದಲ್ಲಿ ಇರುವುದು ಗೊತ್ತಾದದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಆ ಮನೆಗಳವರು ಬಾಗಿಲು ನೋಡುತ್ತ ಕೂತಿದ್ದರು. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಗೆ ಹೊರಟ ವಿಮಾನ ಬೆಟ್ಟಗಳಲ್ಲಿ ಬಿದ್ದು 13 ಜನ ತೀರಿಕೊಂಡರು. ಈ ದುರಂತಗಳಿಗೆ ಬಿಡಿಭಾಗದ ಕೊರತೆಯೇ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ಅಲ್ಲಿನ ಹವಾಮಾನ, ಕಣಿವೆಗಳು ಎಂಥ ವಿಮಾನಕ್ಕೂ ಕಠಿಣವೇ. ಆದರೆ ಹಳತಾದ ವಿಮಾನವನ್ನು ಹೊತ್ತಿಗೆ ಸರಿಯಾಗಿ ನವೀಕರಿಸಲು ಆಗದಿರುವುದು ಯಾರ ಜೀವಕ್ಕೆ ಸಂಬಂಧಿಸಿದ್ದು ಎಂಬುದನ್ನು ಈ ಹೆಸರುಪಟ್ಟಿಗಳು ಹೇಳುತ್ತವೆ. ಸೇನೆಗೆ ಸೇರುವ ಹುಡುಗರಲ್ಲಿ ಬಹುಪಾಲು ನಮ್ಮಂಥ ಊರುಗಳವರು.

ಪಾಠ ಕಲಿತೆವೇ?

ಅರ್ಧ ಕಲಿತಿದ್ದೇವೆ. ಈ ಶತಮಾನದಲ್ಲಿ ಭಾರತ ಅಮೆರಿಕದ ಕಡೆ ತಿರುಗಿತು. 2011ರಿಂದ ಸಿ-130ಜೆ, 2013ರಿಂದ ಸಿ-17 ಬಂದವು. ವಿಮಾನಗಳು ಉತ್ತಮವೇ. ಆದರೆ ಬೋಯಿಂಗ್ 2015ರಲ್ಲಿ ಸಿ-17ರ ತಯಾರಿಕೆಯನ್ನೇ ನಿಲ್ಲಿಸಿತು. ಇನ್ನಷ್ಟು ಬೇಕೆಂದು ನಾವು ನಿರ್ಧರಿಸುವ ಹೊತ್ತಿಗೆ ಉಳಿದಿದ್ದದ್ದು ಒಂದೇ ಒಂದು, ಅದೇ ನಮ್ಮ ಹನ್ನೊಂದನೆಯದು. ದೇಶ ಒಡೆಯಬೇಕೆಂದೇನಿಲ್ಲ, ಕಂಪನಿಗೆ ಲಾಭವಿಲ್ಲ ಎನಿಸಿದರೂ ಸಾಕು, ಬಾಗಿಲು ಮುಚ್ಚುತ್ತದೆ.

ರಷ್ಯಾ ಜೊತೆ ಸೇರಿ ಹೊಸ ಸಾಗಣೆ ವಿಮಾನ ರೂಪಿಸಲು ಬೆಂಗಳೂರಿನ ಎಚ್‌ಎಎಲ್ ಕೈಹಾಕಿತ್ತು. ಎಂಜಿನ್ ಯಾವುದಿರಬೇಕು ಎಂಬುದರಲ್ಲೇ ಒಮ್ಮತ ಮೂಡದೆ ಆ ಯೋಜನೆ ಕೈಬಿಟ್ಟುಹೋಯಿತು. 2021ರಲ್ಲಿ ಏರ್‌ಬಸ್ ಜೊತೆ 56 ಸಿ-295 ವಿಮಾನಗಳಿಗೆ ಒಪ್ಪಂದವಾಯಿತು. 16 ಸ್ಪೇನ್‌ನಿಂದ, 40 ವಡೋದರಾದ ಟಾಟಾ ಕಾರ್ಖಾನೆಯಿಂದ. ಮಿಲಿಟರಿ ವಿಮಾನವೊಂದನ್ನು ಭಾರತದ ಖಾಸಗಿ ಕಂಪನಿ ಪೂರ್ತಿಯಾಗಿ ಕಟ್ಟುವುದು ಇದೇ ಮೊದಲು. ಇದು ಒಳ್ಳೆಯ ಹೆಜ್ಜೆ. ಆದರೆ ಇವು ಮುಖ್ಯವಾಗಿ 1960ರ ದಶಕದ ಆವ್ರೊಗಳ ಜಾಗಕ್ಕೆ. ಇವುಗಳ ಎಂಜಿನ್ ಈಗಲೂ ಹೊರಗಿನದೇ.

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ನೋಡುವ ಮೊದಲು ಹಿತ್ತಿಲ ಬಣವೆ ನೋಡುತ್ತಿದ್ದರು. ಸಂತೆಯಲ್ಲಿ ಕೊಡುವ ಬೆಲೆ ಒಂದು ದಿನದ್ದು, ಮೇವು ವರ್ಷಗಟ್ಟಲೆಯದು. ವಿಮಾನ ಖರೀದಿಯ ಸುದ್ದಿ ಬಂದಾಗ ನಾವು ಪತ್ರಕರ್ತರು ಎಷ್ಟು ಕೋಟಿ ಎಂದು ಮಾತ್ರ ಬರೆಯುತ್ತೇವೆ. ಬಿಡಿಭಾಗ ಎಲ್ಲಿ ತಯಾರಾಗುತ್ತದೆ, ನಕ್ಷೆ ಯಾರ ಕೈಯಲ್ಲಿ, ನಲವತ್ತು ವರ್ಷದ ನಂತರ ದುರಸ್ತಿ ಯಾರು ಮಾಡುತ್ತಾರೆ ಎಂದೂ ಕೇಳಬೇಕು. ವಾಯುಪಡೆಯ ಸಾಗಣೆ ವಿಮಾನದ ಪೈಲಟ್‌ಗಳು ತರಬೇತಿ ಪಡೆದದ್ದು ಯಲಹಂಕದಲ್ಲಿ, ಎಎನ್-32ರ ಮೇಲೆ. ಅವರಲ್ಲಿ ಎಷ್ಟೋ ಮಂದಿ ಹುಟ್ಟುವ ಮೊದಲೇ ಆ ವಿಮಾನ ಹುಟ್ಟಿತ್ತು. ಅದನ್ನು ಕಳಿಸಿದ ದೇಶ ಮಾತ್ರ ಈಗ ಭೂಪಟದಲ್ಲಿಲ್ಲ.