ಒಂದು ಪೇಪರ್ ಕಟಿಂಗ್ ಹಿಡಿದು ಸುಪ್ರೀಂ ಕೋರ್ಟಿಗೆ...

ಪಿ.ಐ.ಎಲ್. ಅನ್ನೋ ಪದ ಈಗ ಎಲ್ಲರ ಬಾಯಲ್ಲೂ ಇದೆ. ಕೆರೆ ಒತ್ತುವರಿಗೂ ಪಿ.ಐ.ಎಲ್., ರಸ್ತೆ ಗುಂಡಿಗೂ ಪಿ.ಐ.ಎಲ್. ಅದರ ಬೇರು ಹುಡುಕಿಕೊಂಡು ಹೋದರೆ ಸಿಗೋದು ಬಿಹಾರದ ಜೈಲುಗಳು ಮತ್ತು ಒಂದು ದಿನಪತ್ರಿಕೆ. ನಾನು ಓದಿದ್ದು ಇಂಜಿನಿಯರಿಂಗ್, ಆ ತೀರ್ಪಿನ ಭಾಷೆ ತಲೆಗೆ ಹೋಗೋಕೆ ಎರಡೆರಡು ಸಲ ಓದಬೇಕಾಯ್ತು. ಓದಿದ ಮೇಲೆ ನಿಮಗೂ ಹೇಳಬೇಕು ಅನ್ನಿಸ್ತು.

1979ರ ಜನವರಿ. ಬಿ.ಎಸ್.ಎಫ್.ನ ಮೊದಲ ಮುಖ್ಯಸ್ಥರಾಗಿದ್ದ ಕೆ.ಎಫ್. ರುಸ್ತುಂಜಿ ಆಗ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರು. ಬಿಹಾರದ ಜೈಲುಗಳಲ್ಲಿ ಕಂಡದ್ದನ್ನು 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಬರೆದರು. (ಬರೆದವರು ಒಬ್ಬ ಪೊಲೀಸ್ ಅಧಿಕಾರಿಯೇ, ಗಮನಿಸಿ!) ವಿಚಾರಣೆಯೇ ಶುರುವಾಗದೆ ವರ್ಷಗಟ್ಟಲೆ ಒಳಗೆ ಕೊಳೆಯುತ್ತಿದ್ದ ಗಂಡಸರು, ಹೆಂಗಸರು, ಮಕ್ಕಳು. ತಪ್ಪು ಸಾಬೀತಾಗಿದ್ದರೂ ಎಷ್ಟು ಶಿಕ್ಷೆ ಆಗ್ತಿತ್ತೋ, ಅದಕ್ಕಿಂತ ಹೆಚ್ಚು ಕಾಲ ಕೆಲವರು ಆಗಲೇ ಕಳೆದುಬಿಟ್ಟಿದ್ದರು. ಜಾಮೀನಿಗೆ ದುಡ್ಡಿರಲಿಲ್ಲ, ಅಷ್ಟೆ. ಇನ್ನು ಕೆಲವು ಹೆಂಗಸರ ಮೇಲೆ ಯಾವ ಆರೋಪವೂ ಇಲ್ಲ. ಅವರನ್ನು 'ರಕ್ಷಣೆಗಾಗಿ' ಜೈಲಲ್ಲಿಟ್ಟಿದ್ದರಂತೆ..

ಅದನ್ನು ಎಷ್ಟು ಜನ ಓದಿ ಛೇ ಅಂದು ಪುಟ ತಿರುಗಿಸಿದರೋ. ದೆಹಲಿಯ ವಕೀಲೆ ಕಪಿಲಾ ಹಿಂಗೋರಾಣಿ ಮಾತ್ರ ಆ ಲೇಖನವನ್ನೇ ಆಧರಿಸಿ ಸುಪ್ರೀಂ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಕೈದಿಗಳ ಕಡೆಯಿಂದ ವಕಾಲತ್ತು ಇರಲಿಲ್ಲ. 'ನಿಮಗೇನಮ್ಮ ಸಂಬಂಧ' ಅಂತ ವಾಪಸ್ ಕಳಿಸಬಹುದಿತ್ತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಹಾಗೆ ಮಾಡಲಿಲ್ಲ. ಒಬ್ಬ ಕೈದಿಯ ಹೆಸರಿನಲ್ಲೇ ಅದು 'ಹುಸೈನಾರಾ ಖಾತೂನ್ ಪ್ರಕರಣ' ಆಯ್ತು. ಬೇಗ ವಿಚಾರಣೆ ನಡೆಯೋದು ಸಂವಿಧಾನದ 21ನೇ ವಿಧಿಯ ಹಕ್ಕಿನಲ್ಲೇ ಸೇರಿದೆ ಅಂತ ಕೋರ್ಟು ಅದೇ ವರ್ಷ ಹೇಳಿತು. ಇದರಿಂದ ಬಿಡುಗಡೆಯಾದವರು ಸುಮಾರು 40,000 ಮಂದಿ ಅಂತ ಲೆಕ್ಕ ಹೇಳ್ತಾರೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮರುವರ್ಷದ ಕಥೆ. 1980ರ ನವೆಂಬರ್‌ನಲ್ಲಿ ಅದೇ ಪತ್ರಿಕೆಯ ಅರುಣ್ ಸಿನ್ಹಾ, ಭಾಗಲ್ಪುರದ ಪೊಲೀಸರು ಮೂವತ್ತಕ್ಕೂ ಹೆಚ್ಚು ಆರೋಪಿಗಳ ಕಣ್ಣು ಚುಚ್ಚಿ ಆಸಿಡ್ ಸುರಿದದ್ದನ್ನು ವರದಿ ಮಾಡಿದರು. ಮತ್ತೆ ಕೋರ್ಟಿಗೆ ಹೋದವರು ಹಿಂಗೋರಾಣಿಯವರೇ. ಬಡ ಆರೋಪಿಗೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದಾಗಲೇ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು ಅನ್ನೋ ಆದೇಶ ಬಂದದ್ದು ಆ ಪ್ರಕರಣದಲ್ಲೇ, 1981ರಲ್ಲಿ.

ಊರವರು? ಪೊಲೀಸರ ಮೇಲೆ ಕ್ರಮ ಕೈಗೊಂಡಾಗ ಪೊಲೀಸರ ಪರವಾಗಿಯೇ ಬೀದಿಗಿಳಿದರು! ಆ ಆಸಿಡ್‌ಗೆ ಅಲ್ಲಿ 'ಗಂಗಾಜಲ' ಅಂತ ಹೆಸರು. ಕೈದಿಗಳ ಕಷ್ಟ ಬರೆದರೆ ಓದುಗರು ಕಣ್ಣೀರು ಹಾಕಿಯಾರು. 'ಕಳ್ಳ, ದರೋಡೆಕೋರ' ಅನ್ನಿಸಿಕೊಂಡವನ ಕಣ್ಣಿನ ಬಗ್ಗೆ ಬರೆಯೋದು ಹಾಗಲ್ಲ.

2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ನಾಲ್ವರು ಅತ್ಯಾಚಾರ ಆರೋಪಿಗಳ ಎನ್‌ಕೌಂಟರ್ ಆದಾಗ ಜನ ಪೊಲೀಸರ ಮೇಲೆ ಹೂವು ಸುರಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ ಆ ಪೊಲೀಸರ ಕಥೆಯನ್ನು ನಂಬಲಾಗದು ಅಂದದ್ದು 2022ರಲ್ಲಿ. ಹೂವು ಬಿದ್ದ ದಿನ ಎಷ್ಟೋ ಚಾನೆಲ್‌ಗಳು ಚಪ್ಪಾಳೆ ಹೊಡೆಯೋರ ಗುಂಪಿನಲ್ಲೇ ಇದ್ದವು.